ಕಂಬಿ ಬಿಡದ ನೀಲಿ ಮಣಿ

ಈಜಿಪ್ಟಿನ ಲಕ್ಸರಿನ ದೋಣಿಗಟ್ಟೆಯಲ್ಲಿ ಮೂವತ್ತು ವರ್ಷ ಕೂತು, ಕಾರ್ಖಾನೆಯಿಂದ ಚೀಲಗಟ್ಟಲೆ ಬರುವ ಗಾಜಿನ ಮಣಿಗಳನ್ನು ‘ಫೇರೋಗಳ ಕಾಲದ ಕೈಕೆಲಸ’ ಎಂದು ಮಾರಿದ ರದ್ವಾನ್, ಮೊಮ್ಮಗಳು ಹುಟ್ಟಿದ ನಾಲ್ಕನೆಯ ದಿನ ಒಂದು ಭೀಷ್ಮಪ್ರತಿಜ್ಞೆ ಮಾಡಿದ.

“ಏಳನೇ ದಿನದ ಶಾಸ್ತ್ರಕ್ಕೆ ಕೂಸಿನ ದೃಷ್ಟಿಮಣಿ ನಾನೇ ಮಾಡ್ತೀನಿ. ಹಳೇ ಪದ್ಧತೀಲಿ. ಅಂಗಡೀದು ಬೇಡ.”

ಹೆಂಡತಿ ನಬವಿಯಾ ನೆಲ ಒರೆಸುವ ಕೈ ನಿಲ್ಲಿಸಲಿಲ್ಲ. “ಯಾಕ್ರೀ, ಅಂಗಡೀದೂ ಫೇರೋಗಳ ಕಾಲದ್ದೇ ಅಲ್ವಾ?”

“ಅದು ಗಿರಾಕಿಗಳಿಗೆ. ಇದು ಮನೆಗೆ.”

“ಏನಾದ್ರೂ ಮಾಡಿ, ಹೊತ್ತಿಗೆ ಸರಿಯಾಗಿ ಮಾಡಿ. ಪಕ್ಕದ್ಮನೆ ಬಹೀಗಾ ಬರ್ತಾಳೆ. ಅವಳು ‘ಎಷ್ಟು ಹಾಲು ಕೊಡುತ್ತಪ್ಪಾ’ ಅಂದ ಎಮ್ಮೆ ಮಾರನೇ ದಿನಾನೇ ಮಲಗಿಬಿಡ್ತು. ಮಣಿ ಇಲ್ದೆ ಕೂಸನ್ನ ಅವಳ ಮುಂದೆ ಮಲಗ್ಸಲ್ಲ ನಾನು.”

ಹುಡುಗನಾಗಿದ್ದಾಗ, ಹಳೇ ರೀತಿಯಲ್ಲಿ ಮಣಿ ಮಾಡಿ ನೋಡುತ್ತಿದ್ದ ಉತ್ಖನನದವರಿಗೆ ಚಹಾ ಹಂಚುತ್ತ ರದ್ವಾನ್ ಈ ವಿದ್ಯೆಯನ್ನು ಕದ್ದು ನೋಡಿದ್ದ. ಕಬ್ಬಿಣದ ಕಂಬಿಗೆ ತೆಳ್ಳನೆಯ ಮಣ್ಣು ಬಳಿದು ಒಣಗಿಸಬೇಕು. ಅದರ ಮೇಲೆ ಕರಗಿದ ಗಾಜನ್ನು ಸುತ್ತಬೇಕು. ಆರಿದ ಮೇಲೆ ಮಣ್ಣು ಉದುರುತ್ತದೆ, ಮಣಿ ತೂತಿನ ಸಮೇತ ಜಾರಿ ಕೈಗೆ ಬರುತ್ತದೆ. ಕಂಬಿಗಾಗಿ ಹುಡುಕಬೇಕಾಗಲಿಲ್ಲ. ನಬವಿಯಾಳ ಕಬಾಬ್ ಕಂಬಿಗಳು ಏಳು ಇದ್ದವು. ಆರನೆಯ ದಿನ ಅವಕ್ಕೆ ಮಣ್ಣು ಬಳಿದು ತಾರಸಿಯಲ್ಲಿ ಒಣಗಲಿಟ್ಟ. ಯಾಕೆಂದು ಯಾರಿಗೂ ಹೇಳಲಿಲ್ಲ.

ಏಳನೆಯ ಬೆಳಗ್ಗೆ ಇದ್ದಿಲು ಊದಿ ಊದಿ ಕಣ್ಣು ಕೆಂಪಾಯಿತು, ಮೀಸೆ ಒಂದು ಕಡೆ ಸುಟ್ಟಿತು. ಹೊಗೆಯಲ್ಲಿ ತಡಕಿ ಕೈಗೆ ಸಿಕ್ಕ ಕಂಬಿಗೆ ನೀಲಿ ಬಾಟಲಿಯ ಗಾಜು ಕರಗಿಸಿ ಸುತ್ತಿದ. ಗಾಜು ಜೇನಿನ ಹಾಗೆ ಇಳಿದು ದುಂಡಗಾಯಿತು; ಮುಸ್ಸಂಜೆಯ ನೈಲ್ ನದಿಯಿಂದ ಒಂದು ಹನಿ ಎತ್ತಿಟ್ಟಂತೆ ಹೊಳೆಯಿತು. ರದ್ವಾನ್ ಉಳಿದ ಕಂಬಿಗಳಿಗೂ ಹಾಗೇ ಸುತ್ತಿದ. ಏಳನ್ನೂ ಬಿಸಿಬೂದಿಯಲ್ಲಿ ಹೂತ.

ಮಧ್ಯಾಹ್ನ ತೆಗೆದು ಎಳೆದ. ಬರಲಿಲ್ಲ. ತಿರುಚಿದ, ಒಂದು ಚೂರಾಯಿತು. ಇಕ್ಕಳ ಹಾಕಿದ, ಎರಡು ಹೋದವು. ಕುಟ್ಟಿದ, ಮೂರು ಹೋದವು. ಉಳಿದ ಒಂದೇ ಒಂದು ಮಣಿ ಕಂಬಿಯನ್ನು ಹುಟ್ಟಿನಿಂದಲೇ ಮದುವೆಯಾದಂತೆ ಅಪ್ಪಿಕೊಂಡಿತ್ತು.

“ನಬವಿಯಾ, ಕಂಬಿಗೆ ಮಣ್ಣು ಮೆತ್ತಿದ್ನಲ್ಲ, ಎಲ್ಲೇ ಹೋಯ್ತು?”

“ನಾನೇ ತೊಳೆದಿಟ್ಟೆ. ನೆಂಟರು ಬರೋ ದಿನ ಆ ಕೊಳಕು ಕಂಬಿ ನೋಡಿದ್ರೆ ಏನಂದ್ಕೊಂಡಾರು? ನಿಂಬೆಹೋಳು ಹಾಕಿ ಉಜ್ಜಿದೀನಿ.”

“ಅಯ್ಯೋ, ಮಣ್ಣಿದ್ರೆ ತಾನೇ ಮಣಿ ಬಿಡೋದು.”

“ಒಂದು ಮಾತು ಹೇಳ್ಬೇಕಿತ್ತು.”

“ಅದು ಮೂರು ಸಾವಿರ ವರ್ಷದ ಗುಟ್ಟು ಕಣೇ.”

“ಹಾಗಾದ್ರೆ ಇನ್ನೂ ಮೂರು ಸಾವಿರ ವರ್ಷ ಬಚ್ಚಿಟ್ಕೊಳ್ಳಿ. ಈಗ ಕೂಸಿಗೇನು ಕಟ್ಲಿ?”

ಅಂಗಡಿ ನದಿಯಾಚೆ ಇತ್ತು. ನೆಂಟರು ಮೆಟ್ಟಿಲ ಮೇಲಿದ್ದರು. ಬಾಣಂತಿ ಮಗಳು ಸಫಾ ನಗು ತಡೆದುಕೊಂಡು, “ಅಪ್ಪ ಮಾಡಿದ್ದು. ಇದ್ದ ಹಾಗೇ ಗೋಡೆಗೆ ತೂಗುಹಾಕಮ್ಮಾ” ಎಂದಳು.

ಶಾಸ್ತ್ರದಂತೆ ಕೂಸನ್ನು ಜರಡಿಯಲ್ಲಿ ಮಲಗಿಸಿದರು. ಹಿತ್ತಾಳೆಯ ಕುಟ್ಟಾಣಿ ಢಣಢಣ ಸದ್ದು ಮಾಡಿತು. ಸಫಾ ಏಳು ಸಲ ಜರಡಿ ದಾಟಿದಳು. ಬಹೀಗಾ ಮುಂದೆ ಬಂದು ಬಾಗಿದಳು, ಹೊಗಳಲು ಬಾಯಿ ತೆರೆದಳು. ನಬವಿಯಾ ಉಸಿರು ಹಿಡಿದಳು.

ಅಷ್ಟರಲ್ಲಿ ಬಹೀಗಾಳ ಕಣ್ಣು ಗೋಡೆಗೆ ಹೋಯಿತು. ಕಬಾಬ್ ಕಂಬಿಯನ್ನು ಮೇಲಿಂದ ಕೆಳಗೆ ನೋಡಿದಳು. ಅದರ ನಡುವಿನ ಸೊಟ್ಟ ಮಣಿಯನ್ನು ನೋಡಿದಳು. ರದ್ವಾನನ ಅರ್ಧ ಮೀಸೆ ನೋಡಿದಳು. ಮತ್ತೆ ಕಂಬಿ ನೋಡಿದಳು. ಕೂಸಿನ ಕಡೆ ತಿರುಗಲೇ ಇಲ್ಲ.

ನಬವಿಯಾ ಗಂಡನ ಕಿವಿಯಲ್ಲಿ ಹೇಳಿದಳು: “ಕೆಲಸ ಮಾಡ್ತು ಕಣ್ರೀ ನಿಮ್ಮ ಮಣಿ.”

ರದ್ವಾನನ ಎದೆ ಉಬ್ಬಿತು. ಬಹೀಗಾ ಹತ್ತಿರ ಬಂದು, ತುಂಬಿದ ಕಣ್ಣಿನಿಂದ ನಬವಿಯಾಳ ಕೈ ಹಿಡಿದಳು.

“ಬೇಜಾರು ಮಾಡ್ಕೋಬೇಡ ತಾಯಿ. ನಮ್ಮನೇಲೂ ಇಂಥವರೊಬ್ರು ಇದಾರೆ.”