ಗ್ಯಾನಪ್ಪನನ್ನು ದುರಗವ್ವ ಬಿಟ್ಟದ್ದು

ದುರಗವ್ವ ಯಾರ ಮೈಯಲ್ಲಿ ಬರುತ್ತಾಳೋ ಅವರು ಗುಡಿಯಲ್ಲೇ ಮಲಗಬೇಕು, ತಣ್ಣೀರಲ್ಲೇ ಜಳಕ ಮಾಡಬೇಕು, ಗಂಡ-ಹೆಂಡಿರು ಒಬ್ಬರನ್ನೊಬ್ಬರು ಮುಟ್ಟಬಾರದು. ಗ್ಯಾನಪ್ಪನ ತಾಪತ್ರಯಕ್ಕೆಲ್ಲ ಇದೇ ಮೂಲ. ಅಪ್ಪ ತೀರಿಕೊಂಡ ಮೇಲೆ ದೇವಿಯನ್ನು ಹೊರುವ ಪಾಳಿ ಅವನಿಗೆ ಬಂತು. ದೇವಿ ಮಾತ್ರ ಬರಲಿಲ್ಲ. ಮಂಗಳವಾರಕ್ಕೊಮ್ಮೆ ಬೇವಿನ ಸೊಪ್ಪು ಹಿಡಿದು ಅವನು ಸುಳ್ಳೇ ನಡುಗುತ್ತಿದ್ದ, ಸುಳ್ಳೇ ಹೇಳಿಕೆ ಹೇಳುತ್ತಿದ್ದ.

ಕುಷ್ಟಗಿ ಕಡೆಯಿಂದ ಹೊಸದಾಗಿ ಅವನನ್ನು ಮದುವೆಯಾಗಿ ಬಂದ ಫಕೀರಮ್ಮ ಬುತ್ತಿ ತಂದು ಕಟ್ಟೆಯ ತುದಿಗಿಟ್ಟು, ಸೆರಗಿನೊಳಗಿಂದ ಒಮ್ಮೆ ನೋಡಿ ಹೋಗುತ್ತಿದ್ದಳು. ಅವರ ಸಂಸಾರವೆಂದರೆ ಅಷ್ಟೇ. ಠಾಣೆಯ ಅಮೀನಸಾಹೇಬರ ಮಾತನ್ನಾದರೂ ಮೀರಬಹುದು, ದುರಗವ್ವನ ಕಟ್ಟಳೆ ಮೀರುವುದು ಹೇಗೆ? ದೇವಿಯ ಬಾಯಿಂದಲೇ ಬಿಡುಗಡೆ ಪಡೆಯಬೇಕೆಂದು ಅವನು ಕೊನೆಗೆ ಮನಸ್ಸು ಗಟ್ಟಿ ಮಾಡಿದ.

ಆ ಮಂಗಳವಾರ ಮೋಡ ಊರ ಮೇಲೆ ಹಸಿ ಕಂಬಳಿಯಂತೆ ಜೋತುಬಿದ್ದಿತ್ತು. ಹಲಗೆಯ ಬಡಿತ ಶುರುವಾಗುತ್ತಲೇ ಗ್ಯಾನಪ್ಪ ಚೀರಿದ: "ನಾ ಹೊಂಟೆ! ಈ ಮೈಯಾಗ ಇದ್ದು ಸಾಕಾಗೈತಿ!"

ಹಲಗೆ ನಿಂತಿತು.

"ಅಯ್ಯ ನಮ್ಮವ್ವಾ!" ಬಾಜೂಮನೆಯ ಹುಲಿಗವ್ವ ಎದೆ ಬಡಿದುಕೊಂಡಳು. "ಕದ್ದು ಬಿಸಿನೀರಾಗ ಜಳಕಾ ಮಾಡ್ಯಾನೇನ ಇವ? ನನಗ ಮೊದಲ ಸಂಶೆ ಇತ್ತ!"

ಊರ ಹಿರಿಯ ಕರಿಬಸಪ್ಪ ಉದ್ದಕ್ಕೆ ಅಡ್ಡಬಿದ್ದ. "ಊರ ಬಿಟ್ಟ ಹೋಗಬ್ಯಾಡ ತಾಯೀ!"

"ಬಿಡಂಗಿಲ್ಲ!" ಕಾಲು ಹಿಡಿದವರಿಗೆ ದೇವಿ ಇಲ್ಲವೆನ್ನುವುದುಂಟೆ?

"ಹಿರೇರ ಕಾಲದಿಂದ ನಿನ್ನ ಹೊತ್ತ ಮನಿತನಾನೂ ಬಿಡಬ್ಯಾಡ!"

"ಬಿಡಂಗಿಲ್ಲ!" ರೂಢಿಯಂತೆ ಬಾಯಿಂದ ಜಾರಿಬಿಟ್ಟಿತು.

ಕರಿಬಸಪ್ಪ ಮೊಣಕಾಲಿನ ಮಣ್ಣು ಝಾಡಿಸುತ್ತ ಎದ್ದ. "ಆ ಮನಿತನದಾಗ ಉಳದವರು ಇಬ್ಬರ. ಇವನ್ನ ಬಿಟ್ಟಳಂದ್ರ..."

ಗಾಳಿಗೆ ಸಜ್ಜೆಯ ತೆನೆ ಹೊರಳಿದಂತೆ ಎಲ್ಲರ ತಲೆ ಕಟ್ಟೆಯ ತುದಿಗೆ ನಿಂತಿದ್ದ ಫಕೀರಮ್ಮನ ಕಡೆ ಹೊರಳಿತು. ಹುಲಿಗವ್ವ ಓಡಿಹೋಗಿ ಅವಳ ಹಣೆಗೆ ಭಂಡಾರ ಬಳಿದು, ಕೈಗೆ ಬೇವಿನ ಸೊಪ್ಪು ತುರುಕಿದಳು. ಆ ಹುಡುಗಿ ಅಂಜಿ ಗಡಗಡ ನಡುಗಿತು.

"ಬಂದ್ಲು! ಬಂದ್ಲು!" ಹಲಗೆ ಮತ್ತೆ ಶುರುವಾಯಿತು.

ಗ್ಯಾನಪ್ಪ ಕಟ್ಟೆಯಿಂದ ಜಿಗಿದ. "ಆಕಿ ಅಂಜ್ಯಾಳ್ರೀ! ನಾ ಹೇಳಿದ್ದೆಲ್ಲಾ ಸುಳ್ಳ! ನನ್ನ ಮೈಯಾಗ ಎಂದೂ ಯಾರೂ ಬಂದಿಲ್ಲ!"

ಕರಿಬಸಪ್ಪ ಅವನ ತಲೆ ಸವರಿದ. "ಪಾಪ, ದೇವಿ ಬಿಟ್ಟವರು ಹಿಂಗ ಬಡಬಡಸ್ತಾರ. ಇವಗ ಒಂದೀಟು ನೀರ ಕುಡಸ್ರಿ."

ಫಕೀರಮ್ಮ ಗಂಡನನ್ನು ನೋಡಿದಳು, ಈ ಸಲ ಸೆರಗಿಲ್ಲದೆ. ಅಳುತ್ತಲೇ ಅಂದಳು: "ನೀವರೆ ಮನಿಗಿ ಹೋಗ್ರಿ. ಒಲಿ ಮ್ಯಾಲ ಅಂಬಲಿ ಐತಿ, ಬೆಕ್ಕ ಬಾಯಿ ಹಾಕ್ತೈತಿ."

"ಅಪ್ಪಣಿ ಆತು!" ಮಂದಿಯೆಲ್ಲ ಕೂಗಿದರು.

ನಾಲ್ವರು ಗ್ಯಾನಪ್ಪನನ್ನು ಹೊತ್ತೊಯ್ದು ಅವನ ಮನೆಯ ಒಲೆಯ ಮುಂದೆ ಇಳಿಸಿದರು. ಹಿಂದೆಯೇ ಬಂದ ಹುಲಿಗವ್ವ ಗಡಿಗೆಯೊಳಗೆ ಇಣುಕಿದಳು. ಗಡಿಗೆ ಬರಿದಾಗಿತ್ತು. ಬೆಕ್ಕು ಮೂಲೆಯಲ್ಲಿ ಕೂತು ಮೀಸೆ ನೆಕ್ಕುತ್ತಿತ್ತು.

ಹುಲಿಗವ್ವ ಬಾಗಿಲಿಗೆ ಓಡಿ ಓಣಿಗೆಲ್ಲ ಕೇಳುವಂತೆ ಕೂಗಿದಳು: "ತಾಯಿ ಆಡಿದ ಮೊದಲ ಮಾತ ಖರೇ ಆತ್ರವ್ವೋ! ಇನ್ನ ಆಕೀನ್ನ ಸಾಯೋತನಕ ಗುಡಿ ಬಿಟ್ಟ ಕಳಸಬ್ಯಾಡ್ರಿ!"