ಮಗಳು ಕೇಳಿಸಿಕೊಂಡದ್ದು

ನಗಬಾರದ ಜಾಗದಲ್ಲೇ ನಗು ಬರುವುದು ನಮ್ಮ ಮನೆಗೆ ಹೊಸದಲ್ಲ. ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡ ಏಳುತ್ತಿದ್ದ ಕಾಲದಲ್ಲಿ ಯಜಮಾನರಿಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ನಾವು ಕಲಬುರಗಿಯಿಂದ ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಬಂದೆವು. ಮಗಳು ಅಲ್ಲೇ ಹುಟ್ಟಿದಳು. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ ದಿನ ನಾವಿಬ್ಬರೂ ಆಟೋದವನಿಗೆ ನಮ್ಮ ಮನೆಯ ತಿರುವು ಹೇಳುವುದನ್ನೇ ಮರೆತೆವು. ಆಮೇಲೆ ಅತ್ತದ್ದೂ ಇದೆ, ಜಗಳವಾಡಿದ್ದೂ ಇದೆ. ಇಲ್ಲಿ ನಕ್ಕದ್ದನ್ನಷ್ಟೇ ಹೇಳುತ್ತೇನೆ.

ಕಿವಿ ಪರೀಕ್ಷೆ

ಇದು ಡಾಕ್ಟರ ಹತ್ತಿರ ಹೋಗುವುದಕ್ಕೂ ಮೊದಲಿನ ಮಾತು. ಎರಡು ವರ್ಷ ದಾಟಿದ್ದರೂ ಮಗಳು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಊರಿನಿಂದ ಬಂದಿದ್ದ ಅತ್ತೆ, "ಹುಡುಗಿಗೆ ಕಿವಿ ಕೇಳಸೂದಿಲ್ಲ ತಗೋ" ಎಂದು ತಾವೇ ಪರೀಕ್ಷೆಗೆ ನಿಂತರು. ಬೆನ್ನ ಹಿಂದೆ ನಿಂತು ಚಪ್ಪಾಳೆ ಹೊಡೆದರು. ಮಗಳು ತಿರುಗಲಿಲ್ಲ. ಸ್ಟೀಲ್ ತಾಟಿಗೆ ಸೌಟಿನಿಂದ ಬಾರಿಸಿದರು. ಕೆಳಗಿನ ಮನೆಯವರು ಯಾರಿಗೇನಾಯಿತೋ ಎಂದು ಓಡಿಬಂದರು; ಮಗಳು ಮಾತ್ರ ಟೇಬಲ್ ಫ್ಯಾನಿನ ರೆಕ್ಕೆ ನೋಡುತ್ತಾ ಕೂತೇ ಇದ್ದಳು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಬಂದವರಿಗೆ ಚಹಾ ಕೊಡೋಣವೆಂದು ಅಡುಗೆಮನೆಗೆ ಹೋಗಿ ಮೆಲ್ಲಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದೆ. ಅದು ಪರ್ ಎಂದಿತೋ ಇಲ್ಲವೋ, ಮಗಳು ಬಂದು ನನ್ನ ಸೀರೆ ಹಿಡಿದು ನಿಂತಿದ್ದಳು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಕಿವಿ ಭಾಳ ಚಲೋ ಅದಾವ ಬಿಡು. ನಮ್ಮ ಮಾತಿಗೇ ರುಚಿ ಇಲ್ಲ."

ಪ್ರಯಾಣಿಕರ ಗಮನಕ್ಕೆ

ಮಗಳಿಗೆ ನಾಲ್ಕಾದರೂ ಮಾತಿಲ್ಲ. ಥೆರಪಿ ಮೇಡಂ ಹೇಳಿದಂತೆ ಗೊಂಬೆ, ಚಿತ್ರ, ಹಾಡು ಎಲ್ಲ ಆಯಿತು. ಅವಳ ಜೀವವಿದ್ದದ್ದು ರೈಲಿನ ಮೇಲೆ. ಭಾನುವಾರ ಲಿಂಗಂಪಲ್ಲಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಲೋಕಲ್ ಗಾಡಿ ನೋಡುವುದೇ ನಮ್ಮ ಪಿಕ್‌ನಿಕ್.

ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೇನೆ, ಬೆನ್ನ ಹಿಂದೆ ರೈಲು ತಡವೆಂಬ ಪ್ರಕಟಣೆ! ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ತಿರುಗಿದರೆ ಮಗಳು. ದೋಸೆ ಸೀದುಹೋಗಲಿ ಎಂದು ಅವಳನ್ನು ಎತ್ತಿಕೊಂಡು ಅತ್ತುಬಿಟ್ಟೆ. ಊರಿಗೆ ಫೋನ್ ಮಾಡಿ ಹೇಳಿದರೆ ಅತ್ತೆ, "ಮೂರು ಭಾಷಾ ಬಂದವು ಖರೆ, ನಮ್ಮ ಕನ್ನಡ ಎಲ್ಲೈತಿ?" ಎಂದರು.

ಅಂದಿನಿಂದ ಸ್ಟೇಷನ್ನಿನ ಕನ್ನಡ ಮೇಡಂ ನಾನೇ. ಮೂಗು ಹಿಡಿದುಕೊಂಡು, "ಪ್ರಯಾಣಿಕರ ಗಮನಕ್ಕೆ, ಮೊಸರನ್ನ ಅಡುಗೆಮನೆಯ ಪ್ಲಾಟ್‌ಫಾರ್ಮಿಗೆ ಬರುತ್ತಿದೆ" ಎಂದರೆ ಮಗಳು ತಾಟು ಹಿಡಿದು ಬರುತ್ತಿದ್ದಳು. ಸ್ನಾನ, ನಿದ್ದೆ, ಎಣ್ಣೆ ಹಚ್ಚುವುದು ಎಲ್ಲವೂ ಪ್ಲಾಟ್‌ಫಾರ್ಮಿಗೇ ಬಂದವು.

ಒಂದು ಸಂಜೆ ಯಜಮಾನರು ಆಫೀಸಿನಿಂದ ಫೋನ್ ಮಾಡಿ, "ಸಣ್ಣದೊಂದು ಮೀಟಿಂಗ್ ಐತಿ" ಎಂದರು. "ಇವತ್ತೂ ತಡಾನಾ?" ಎಂದೆ. ಮೇಜಿನ ಕೆಳಗಿನಿಂದ ದನಿ ಬಂತು: "ಪ್ರಯಾಣಿಕರ ಗಮನಕ್ಕೆ. ಅಪ್ಪ ತಡವಾಗಿ ಬರುತ್ತಿದ್ದಾರೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಅಪ್ಪ ಎಂದು ಅವಳು ಅಂದದ್ದು ಅದೇ ಮೊದಲು. ಯಜಮಾನರು ಮೀಟಿಂಗ್ ಬಿಟ್ಟು ಓಡಿಬಂದರು. "ಇನ್ನೊಮ್ಮೆ ಹೇಳವ್ವ, ನಮ್ಮವ್ವ!" ಎಂದು ಬೇಡಿಕೊಂಡರು.

ಮಗಳು ಅವರ ಬೂಟನ್ನೊಮ್ಮೆ ನೋಡಿ, "ಗಾಡಿ ಬಂತು" ಎಂದು ಮತ್ತೆ ಮೇಜಿನ ಕೆಳಗೆ ಸೇರಿಕೊಂಡಳು.

ಬಿರಿಯಾನಿ ದೇಗು

ಅವಳನ್ನು ಬೇಗಂ ಬಜಾರಿಗೆ ಕರೆದೊಯ್ದದ್ದು ಒಂದೇ ಸಲ. ಹಾರ್ನು, ಹಮಾಲರ ಕೂಗು, ಒಣಮೆಣಸಿನಕಾಯಿಯ ಘಾಟು. ಮಗಳು ಕಿವಿ ಮುಚ್ಚಿಕೊಂಡು ಚೀರತೊಡಗಿದಳು. ಜನ ಸುತ್ತುವರಿದರು. ದೃಷ್ಟಿ ತೆಗೆಸಿ ಎಂದರು ಒಬ್ಬರು, ಎರಡು ಬಿಗೀರಿ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಅವಳು ಕೈ ಕೊಸರಿಕೊಂಡು, ಪಾತ್ರೆ ಅಂಗಡಿಯ ಮುಂದೆ ಅಡ್ಡ ಮಲಗಿಸಿದ್ದ ಬಿರಿಯಾನಿ ದೇಗಿನೊಳಗೆ ನುಸುಳಿಬಿಟ್ಟಳು. ಮದುವೆಮನೆಗಳಲ್ಲಿ ಒಲೆಗೇರಿಸುವ ದೊಡ್ಡ ಹಂಡೆಯದು. ಒಳಗೆ ಹೋದವಳೇ ಗಪ್‌ಚಿಪ್.

ಅಂಗಡಿಯ ಮುದುಕರಿಗೆ ನನ್ನ ಹರುಕು ಹಿಂದಿಯಲ್ಲಿ, "ಇವಳಿಗೆ ಗದ್ದಲ ತಡೆಯೋದಿಲ್ಲ ಚಾಚಾ, ಸ್ವಲ್ಪ ಹೊತ್ತು ಇರಲಿ" ಎಂದೆ. ಅವರು ಜನರನ್ನು ಚದುರಿಸಿ ನನಗೊಂದು ಸ್ಟೂಲು ಕೊಟ್ಟರು.

ಆಗಲೇ ಮದುವೆ ಅಡುಗೆಯವನೊಬ್ಬ ಪಾತ್ರೆ ಕೊಳ್ಳಲು ಬಂದು ಅದೇ ದೇಗನ್ನು ತೋರಿಸಿದ. "ಚಾಚಾ, ಇದು ಎಷ್ಟು ಜನರದು?"

ಮುದುಕರು ಬಗ್ಗಿ ಒಳಗೆ ನೋಡಿ ಹೇಳಿದರು: "ಸದ್ಯಕ್ಕೆ ಒಬ್ಬರದು."

ಶಾಲೆಯ ಸೀಟು

ಮಗಳಿಗೆ ಆರಾಯಿತು. ನಾವು ಹೋದ ಶಾಲೆಗಳೆಲ್ಲ ನಯವಾಗಿ ಇಲ್ಲವೆಂದಿದ್ದವು. ಕೊನೆಗೆ ಉಳಿದದ್ದು ಮನೆಯ ಹತ್ತಿರದ ಒಂದು ಚಿಕ್ಕ ಶಾಲೆ. ಅಲ್ಲಿಗೆ ಹೋಗುವಾಗ ಆಟೋದಲ್ಲಿ ಯಜಮಾನರು ನನಗೆ ಧೈರ್ಯ ಹೇಳಿದರು: "ಹೆಡ್ ಮೇಡಂನ ಮೊನ್ನೆ ನೋಡೀನಿ, ಮುಖ ಒಡದ ಹಾಲಿನಂಗ ಐತಿ. ನೀ ಹೆದರಬ್ಯಾಡ. ನಕ್ಕೋತ ಕುಂದ್ರು." ಆಟೋದವನು ತೆಲುಗಿನವನು. ಈ ಊರಲ್ಲಿ ಕನ್ನಡವೇ ನಮ್ಮ ಗುಟ್ಟಿನ ಭಾಷೆ.

ಹೆಡ್ ಮೇಡಂ ತೆಲುಗಿನಲ್ಲಿ ಮಾತಾಡಿಸಿದರು. ಆಟಿಸಂ ವಿಷಯ ಎಲ್ಲ ಹೇಳಿದೆವು. ಅವರು ಮಗಳ ಕಡೆ ತಿರುಗಿ ಹೆಸರು ಕೇಳಿದರು. ಮಗಳು ಮೇಲಿನ ಫ್ಯಾನು ನೋಡುತ್ತಾ, ಅಪ್ಪನ ದನಿಯಲ್ಲೇ ಶುರುಮಾಡಿದಳು: "ಹೆಡ್ ಮೇಡಂ ಮುಖ ಒಡದ ಹಾಲಿನಂಗ ಐತಿ. ಹೆದರಬ್ಯಾಡ. ನಕ್ಕೋತ ಕುಂದ್ರು."

ಯಜಮಾನರು ಬೆವರೊರೆಸಿಕೊಂಡು, "ನಮಸ್ಕಾರ ಅಂತಿದ್ದಾಳೆ ಮೇಡಂ" ಎಂದು ತೆಲುಗಿನಲ್ಲಿ ಅನುವಾದಿಸಿದರು.

ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೌದೇನ್ರಿ? ನಮ್ಮ ಬೀದರದಾಗ ನಮಸ್ಕಾರಕ್ಕ ಹಿಂಗ ಅನ್ನೂದಿಲ್ರಿ."

ನಾನು ಮಗಳ ಕೈ ಹಿಡಿದು ಎದ್ದೇಬಿಟ್ಟೆ. ಇನ್ನು ಯಾವ ಬಾಗಿಲು ತಟ್ಟುವುದು ಎಂಬುದೊಂದೇ ಚಿಂತೆ. ಆದರೆ ಮಗಳು ಕೈ ಬಿಡಿಸಿಕೊಂಡು ಮೇಜು ಸುತ್ತಿ ಮೇಡಂ ಹತ್ತಿರ ಹೋದಳು. ಯಾರ ಮುಖವನ್ನೂ ನೆಟ್ಟಗೆ ನೋಡದ ಹುಡುಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ಅವರ ಮುಖವನ್ನು ಪೂರ್ತಿ ಪರೀಕ್ಷಿಸಿದಳು. ಆಮೇಲೆ ನಮ್ಮ ಕಡೆ ತಿರುಗಿ ತೀರ್ಪು ಕೊಟ್ಟಳು: "ಹಾಲು ಒಡದಿಲ್ಲ. ಚಲೋ ಐತಿ."

ಹೆಡ್ ಮೇಡಂ ನಕ್ಕ ನಗುವಿಗೆ ಹೊರಗಿದ್ದ ಆಯಾ ಬಾಗಿಲು ತೆಗೆದು ಇಣುಕಿದಳು. ಅವರು ಕಣ್ಣೊರೆಸಿಕೊಳ್ಳುತ್ತಾ ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಹೇಳಿದರು:

"ಹುಡುಗಿಗೆ ಸೀಟು ಕೊಟ್ಟೀನ್ರಿ. ನಿಮ್ಮಿಬ್ಬರ ಬಗ್ಗೆನೇ ಸ್ವಲ್ಪ ವಿಚಾರ ಮಾಡಬೇಕಾಗ್ತದ."