ಕದಲಿಸಬಾರದ ಕಲಶ

"ನೋಡೇ, ಪ್ಲಾಸ್ಟಿಕ್ ಲಕ್ಷ್ಮಿಗೆ ಬೆಳ್ಳಿ ಮುಖ!"

ವರಮಹಾಲಕ್ಷ್ಮಿ ಹಬ್ಬದ ಸಂಜೆ ನಾಗಭೂಷಣ ಎದೆಯುಬ್ಬಿಸಿ ನಿಂತಿದ್ದ. ಕಲಶದ ಪೀಠದೊಳಗೆ ಅವನು ಅಡಗಿಸಿಟ್ಟಿದ್ದ ಡಬ್ಬಿ ದುಂಬಿಯ ಹಾಗೆ ಗುಂಯ್‌ಗುಡುತ್ತ ಬೆಳ್ಳಿಯ ಆವಿ ಉಗುಳುತ್ತಿತ್ತು. ದೇವಿಯ ಕೆನ್ನೆ, ಮೂಗು, ಹಣೆ ಒಂದೊಂದಾಗಿ ಬೆಳ್ಳಿಯಾದವು. ಬಣ್ಣದಲ್ಲಿ ಬರೆದಿದ್ದ ಕಣ್ಣುಗಳು ಅದರಲ್ಲಿ ಮುಳುಗಿ ಕಾಣೆಯಾದಾಗ ಹೆಂಡತಿ ಮಂದಾಕಿನಿಯ ಮೈ ಜುಮ್ಮೆಂದಿತು.

"ಬಳಿದಿದ್ದೇನ್ರೀ? ಉಜ್ಜಿದ್ರೆ ಹೋಗುತ್ತಾ?"

"ಬಳಿದಿದ್ದಲ್ವೇ, ಬೆಸೆದಿದ್ದು! ಪ್ಲಾಸ್ಟಿಕ್ಕು ಸುಮ್‌ಸುಮ್ನೆ ಬೆಳ್ಳೀನ ಹತ್ರ ಸೇರಿಸಲ್ಲ. ನನ್ನ ಯಂತ್ರ ಮೊದಲು ಅದರ ಮೈಮೇಲೆ ಆಮ್ಲಜನಕದ ಪುಟ್ಟ ಪುಟ್ಟ ಕೈ ಎಬ್ಬಿಸುತ್ತೆ. ಆ ಕೈ ಬೆಳ್ಳೀನ ಹಿಡ್ಕೊಂಡ್ರೆ ಮುಗೀತು, ಬ್ರಹ್ಮ ಬಂದ್ರೂ ಬಿಡಿಸಕ್ಕಾಗಲ್ಲ!"

ಕಾಣದ ಕೈಗಳು! ಆ ಮಾತೇ ಅವಳಿಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಪ್ಲಾಸ್ಟಿಕ್ ಚೆಂಡುಹೂವಿನ ಹಾರ ಸದ್ದಿಲ್ಲದೆ ಬೆಳ್ಳಿಯಾಯಿತು. ಆಮೇಲೆ ತೋರಣ. ದೇವಿಗೆ ಉಡಿಸಿದ್ದ ನೈಲಾನ್ ಸೀರೆಯ ನೆರಿಗೆಗಳು ತಗಡಾಗಿ ಟಿಣ್ ಟಿಣ್ ಎಂದವು.

"ನಿಲ್ಲಿಸ್ರೀ!"

"ಸ್ವಿಚ್ಚು ಪೀಠದೊಳಗಿದೆ. ಕಲಶ ಎತ್ತು."

"ನಾಳೆ ಪೂಜೆ ಮಾಡಿ ಕದಲಿಸೋವರೆಗೂ ಕಲಶ ಅಲುಗಿಸಂಗಿಲ್ಲ! ಅಷ್ಟೂ ಗೊತ್ತಿಲ್ವಾ?"

ಗೊಣಗುತ್ತ ನಾಗಭೂಷಣ ಪೀಠದ ಸಂದಿಗೆ ಕೈ ತೂರಿಸಿದ. ಕೈ ಹೊರಗೆ ಬರಲಿಲ್ಲ.

"ಅಯ್ಯೋ, ಉಗುರು, ಕೂದಲು, ಚರ್ಮ ಎಲ್ಲಾನೂ ಪ್ಲಾಸ್ಟಿಕ್ಕಿನ ಹಾಗೇ ಪಾಲಿಮರ್ರೇ ಅನ್ನೋದು ಮರೆತೇಬಿಟ್ಟಿದ್ದೆ ಕಣೇ!"

ಬೆಳ್ಳಿ ಮೊಣಕೈ ದಾಟಿತು, ಕತ್ತು ಹತ್ತಿತು, ತುಟಿಯನ್ನು ಮುಚ್ಚಿತು. ನಿದ್ದೆಯಲ್ಲೂ ವಟಗುಟ್ಟುವ ಗಂಡ ಸುಮ್ಮನಾದದ್ದು ಕಂಡು ಮಂದಾಕಿನಿಗೆ ನಿಜಕ್ಕೂ ಭಯವಾಯಿತು.

ಆಗಲೇ ಅರಿಶಿನ ಕುಂಕುಮಕ್ಕೆಂದು ಪಕ್ಕದ ಮನೆಯ ಗಿರಿಜಮ್ಮ ಬಂದರು. ಬಗ್ಗಿ ಕೂತಿದ್ದ ನಾಗಭೂಷಣನ ಕೆನ್ನೆ ತಟ್ಟಿದರು. ಟಣ್!

"ಲಕ್ಷ್ಮಿ ಜೊತೆ ನಾರಾಯಣನ್ನೂ ಕೂರಿಸಿದ್ದೀರಾ! ಹೊಟ್ಟೆ ಮಾತ್ರ ಸ್ವಲ್ಪ ಜಾಸ್ತಿಯಾಯ್ತು," ಎಂದು ಅವನ ಹಣೆಗೆ ಕುಂಕುಮವಿಟ್ಟು ಕೈಮುಗಿದರು.

ಬೆಳ್ಳಿ ಈಗ ಮೂಗಿನ ಹೊಳ್ಳೆಗಳ ಅಂಚಿಗೆ ಬಂದಿತ್ತು. ಅವನ ಕಣ್ಣುಗಳಷ್ಟೇ ಹೊರಳಿ ಅವಳನ್ನು ಹುಡುಕಿದವು. ಅವನ ಕೆನ್ನೆಯಲ್ಲಿ ಮಂದಾಕಿನಿಗೆ ತನ್ನದೇ ಮುಖ ಕಂಡಿತು. ಅದು ಅಳುತ್ತಿತ್ತು.

"ತಾಯೀ, ತಪ್ಪಾಯ್ತು!"

ಎರಡೂ ಕೈಯಿಂದ ಕಲಶ ಎತ್ತಿ ಕೆಳಗಿಟ್ಟಳು. ಗಿರಿಜಮ್ಮ ಬಾಯಿ ಬಾಯಿ ಬಡಿದುಕೊಂಡರು. ಮಂದಾಕಿನಿ ಪೀಠದ ಹಲಗೆ ಕಿತ್ತು ಸ್ವಿಚ್ಚು ಒತ್ತಿದಳು. ಗುಂಯ್ ಸದ್ದು ನಿಂತಿತು. ನಾರಾಯಣಸ್ವಾಮಿ ಜೋರಾಗಿ ಸೀನಿದ್ದು ಕಂಡು ಗಿರಿಜಮ್ಮ ಚಪ್ಪಲಿ ಬಿಟ್ಟೇ ಓಡಿದರು.

ಜೀವ ಉಳಿಯಿತು, ಸೀನಿನ ರಭಸಕ್ಕೆ ತುಟಿ ಬಿಚ್ಚಿ ಮಾತೂ ಮರಳಿತು. ಬೆಳ್ಳಿ ಮಾತ್ರ ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ನಾಗಭೂಷಣ ಕಪ್ಪಗಾಗತೊಡಗಿದ.

"ಏನೇ ಗತಿ ಈಗ?" ಎಂದು ಕನ್ನಡಿಯ ಮುಂದೆ ಗೋಳಾಡಿದ.

ಮಂದಾಕಿನಿ ಬೆಳ್ಳಿ ಪಾತ್ರೆ, ದೀಪದ ಕಂಬಗಳನ್ನು ಹರಡಿಕೊಂಡು, ವಿಭೂತಿ ಪುಡಿ ಹಿಡಿದು ಕೂತಿದ್ದಳು.

"ಬನ್ನಿ ಈ ಕಡೆ. ಪಾತ್ರೆ ಜೊತೆ ನಿಮ್ಮನ್ನೂ ಉಜ್ಜಿಬಿಡ್ತೀನಿ."